ಡಾಕ್ಟರನ್ನೂ ಕಂಪನಿ ಟೂರ್‌ಗೆ ಕಳಿಸುತ್ತಾ?

ಪ್ರಶ್ನೆ: ನಮ್ಮವರದು ಗೊಬ್ಬರ, ಕ್ರಿಮಿನಾಶಕದ ಅಂಗಡಿ. ಕಳೆದ ವರ್ಷ ನಿದ್ದೆ, ಊಟ ಬಿಟ್ಟು ಕೂತುಬಿಟ್ಟಿದ್ದರು. ಮನೋವೈದ್ಯರು ಖಿನ್ನತೆ ಎಂದು ಎಸಿಟಲೋಪ್ರಾಂ ಮಾತ್ರೆ ಬರೆದರು. ಸುಧಾರಿಸಿದರು. ಈಗ ವಿಡಿಯೋ ನೋಡಿ, 'ಇದೆಲ್ಲ ಕಂಪನಿಯವರು ಹುಟ್ಟಿಸಿದ ರೋಗ' ಎಂದು ಮಾತ್ರೆ ಒಮ್ಮೆಲೇ ಬಿಟ್ಟಿದ್ದಾರೆ. ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದ ಹಾಗಾಗುತ್ತದಂತೆ. ವಿಪರೀತ ಸಿಟ್ಟು. ಏನು ಮಾಡಲಿ?
– ಹೆಸರು ಬೇಡ, ಸಿಂಧನೂರು

ತಂಗಿ, ಮೊದಲು ತುರ್ತಿನ ಮಾತು. ಈ ಗುಂಪಿನ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ನೀವು ಬರೆದಂಥ ತೊಂದರೆಗಳು ಬರಬಹುದು. ಬಿಡುವುದಿದ್ದರೂ ಡೋಸ್ ನಿಧಾನಕ್ಕೆ ಇಳಿಸುತ್ತಾ ಬಿಡಬೇಕು. ಬರೆದುಕೊಟ್ಟ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ. ಮತ್ತೆ ಶುರು ಮಾಡಬೇಕಾ, ಎಷ್ಟು ಎಂಬುದನ್ನು ಅವರೇ ಹೇಳಲಿ. ಇನ್ನೊಂದು. ಮನೆಯಲ್ಲಿ ಕ್ರಿಮಿನಾಶಕದ ಒಂದು ಡಬ್ಬಿಯೂ ಇರಬಾರದು, ಅಂಗಡಿಯ ಬೀಗದ ಕೈ ಕೆಲವು ದಿನ ಮೈದುನನ ಹತ್ತಿರವೋ, ನಂಬಿಕೆಯ ಬೇರೆಯವರ ಹತ್ತಿರವೋ ಇರಲಿ. 'ಬದುಕೇ ಬೇಡ' ಎಂಬಂಥ ಮಾತು ಬಂದರೆ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು.

ಈಗ ನಿಮ್ಮವರ ವಾದ. ಪೂರ್ತಿ ಸುಳ್ಳಲ್ಲ. ಖಿನ್ನತೆಗೆ ರಕ್ತಪರೀಕ್ಷೆ ಇಲ್ಲ, ಮಾತಾಡಿಸಿ, ಲಕ್ಷಣ ನೋಡಿ ಹೇಳುತ್ತಾರೆ. ಯಾವುದು ರೋಗ ಎಂಬ ಪಟ್ಟಿಯೂ ಬದಲಾಗುತ್ತದೆ: ಅಮೆರಿಕದ ಮನೋವೈದ್ಯರ ಸಂಘ ಸಲಿಂಗಕಾಮವನ್ನು ರೋಗದ ಪಟ್ಟಿಯಿಂದ ತೆಗೆದದ್ದೇ 1973ರಲ್ಲಿ. ಗ್ಲಾಕ್ಸೋಸ್ಮಿತ್‌ಕ್ಲೈನ್ ಕಂಪನಿ ಪ್ಯಾರಾಕ್ಸಿಟಿನ್ ಎಂಬ ಖಿನ್ನತೆಯ ಮಾತ್ರೆಯನ್ನು ಅನುಮತಿ ಇಲ್ಲದೆ 18 ವರ್ಷದೊಳಗಿನವರಿಗೂ ಪ್ರಚಾರ ಮಾಡಿತ್ತು. ಇದೂ ಸೇರಿ ಹಲವು ಪ್ರಕರಣಗಳಿಗೆ 2012ರಲ್ಲಿ ತಪ್ಪೊಪ್ಪಿಕೊಂಡು 300 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಮಿದುಳಿನ ಸೆರೊಟೋನಿನ್ ಎಂಬ ರಾಸಾಯನಿಕದ ಕೊರತೆಯಿಂದಲೇ ಖಿನ್ನತೆ ಎನ್ನಲು ಗಟ್ಟಿ ಪುರಾವೆ ಇಲ್ಲ ಎಂದು 2022ರಲ್ಲಿ ದೊಡ್ಡ ಪರಿಶೀಲನೆಯೊಂದು ಹೇಳಿತು. ನಮ್ಮಲ್ಲಿ ಔಷಧ ಕಂಪನಿಗಳು ಡಾಕ್ಟರುಗಳಿಗೆ ಉಡುಗೊರೆ, ವಿದೇಶ ಪ್ರವಾಸ ಕೊಡಬಾರದೆಂದು 2024ರಲ್ಲಿ ಸರ್ಕಾರ ನಿಯಮ ತಂದಿತು. ಸುಮ್ನೆ ತಂದಿತಾ?

ಆದರೆ ನಿಮ್ಮವರಿಗೆ ಈ ವ್ಯಾಪಾರ ಚೆನ್ನಾಗಿ ಗೊತ್ತು, ಅಲ್ವಾ? ಟಾರ್ಗೆಟ್ ಮುಟ್ಟಿದ ಡೀಲರ್‌ಗೆ ಕಂಪನಿ ಟೂರ್ ಕೊಡುತ್ತದೆ. ಬೇಡದ ಗದ್ದೆಗೂ ಔಷಧ ಹೊಡೆಸುವವರಿದ್ದಾರೆ. ಹಾಗಂತ ಭತ್ತಕ್ಕೆ ಕಂದು ಜಿಗಿಹುಳು ಬೀಳುವುದೇ ಸುಳ್ಳಾ? ಹೋದ ವರ್ಷ ಅವರು ಶಟರ್ ಎತ್ತದೆ ಕೂತದ್ದನ್ನು ಯಾವ ಕಂಪನಿಯೂ ಹುಟ್ಟಿಸಿರಲಿಲ್ಲ. ಮಾತ್ರೆಯಿಂದಲೇ ಗುಣವಾಯಿತು ಅಂತ ನಾನು ಆಣೆ ಮಾಡಲಾರೆ, ದಿನ ಕಳೆದದ್ದರಿಂದಲೂ ಸುಧಾರಿಸಿರಬಹುದು. ಆದರೆ ಆ ವಿಡಿಯೋ ಮಾಡಿದವನು ನಿಮ್ಮವರನ್ನು ಒಂದು ಸಲವೂ ನೋಡಿಲ್ಲ.

ಆದ್ದರಿಂದ ಮನೆಯಲ್ಲಿ ವಾದ ಮಾಡಬೇಡಿ. 'ನಿಮ್ಮ ಅನುಮಾನ ಡಾಕ್ಟರ ಮುಂದೆಯೇ ಕೇಳೋಣ ಬನ್ನಿ' ಅನ್ನಿ. ಥೈರಾಯ್ಡ್ ಪರೀಕ್ಷೆ ಮಾಡಿಸಬೇಕಾ? ಇನ್ನೆಷ್ಟು ದಿನ ಮಾತ್ರೆ? ಆಪ್ತ ಸಮಾಲೋಚನೆಯೇ ಸಾಲದಾ? ಬ್ರ್ಯಾಂಡ್ ಬದಲು ಜೆನರಿಕ್ ಆಗುತ್ತದಾ? ಕಾಯಿಲೆ, ಚಿಕಿತ್ಸೆಯ ವಿವರ ಕೇಳುವುದು 2017ರ ಮಾನಸಿಕ ಆರೋಗ್ಯ ಕಾಯ್ದೆ ಕೊಟ್ಟ ಹಕ್ಕು. ಕೇಳಿದ್ದಕ್ಕೆ ಸಿಡುಕುವ ಡಾಕ್ಟರಾದರೆ ಬದಲಾಯಿಸಿ.

ಖಾಸಗಿಯವರ ಮೇಲೆ ನಂಬಿಕೆ ಇಲ್ಲ ಅಂದರೆ ರಾಯಚೂರಿನ ಸರ್ಕಾರಿ ಆಸ್ಪತ್ರೆ ರಿಮ್ಸ್‌ಗೆ ಹೋಗಿ. ಪಕ್ಕದ ಬಳ್ಳಾರಿ ಜಿಲ್ಲೆಯಲ್ಲೇ 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ ಮನೋರೋಗದ ತರಬೇತಿ ಕೊಟ್ಟಿದ್ದರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಅಲ್ಲಿ ಯಾವ ಕಂಪನಿಯ ಟೂರೂ ಇರಲಿಲ್ಲ ಅಂತ ನಿಮ್ಮವರಿಗೆ ಹೇಳಿ. ಅವರು ಬರಲ್ಲ ಅಂದರೆ ಹಳೆ ಚೀಟಿ, ಖಾಲಿ ಸ್ಟ್ರಿಪ್ ಹಿಡಿದು ನೀವೊಬ್ಬರೇ ಆದರೂ ಹೋಗಿ.