ಮಕ್ಕಳ ಪರ ವಕಾಲತ್ತು: ಹೊಸ ವಕೀಲರು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಈ ವರ್ಷ ಎಲ್‌ಎಲ್‌.ಬಿ. ಮುಗಿಸಿದ್ದೇನೆ. ಅಪರಾಧದ ಆರೋಪ ಹೊತ್ತ ಮಕ್ಕಳ ಪರವಾಗಿ ಕೆಲಸ ಮಾಡುವ ಆಸೆಯಿದೆ. ಆದರೆ ಅದರಲ್ಲಿ ಸಂಪಾದನೆಯೂ ಇಲ್ಲ, ಕಲಿಯುವುದಕ್ಕೂ ಏನಿಲ್ಲ ಎಂದು ಪರಿಚಯದ ಹಿರಿಯ ವಕೀಲರು ಹೇಳುತ್ತಾರೆ. ನಾನು ಏನು ಮಾಡಲಿ?
– ಓದುಗರು, ದಾವಣಗೆರೆ

ಉತ್ತರ: ಹಿರಿಯರು ಸಂಪಾದನೆಯ ಬಗ್ಗೆ ಹೇಳಿದ್ದು ಬಹುಮಟ್ಟಿಗೆ ನಿಜ. ಕಲಿಯಲು ಏನಿಲ್ಲ ಎಂಬುದನ್ನು ಮಾತ್ರ ನಾನು ಒಪ್ಪಲಾರೆ.

ನಾನು ವೃತ್ತಿಗೆ ಬಂದ ಎರಡನೆಯ ವರ್ಷ, ಬೈಕ್ ಕಳವಿನ ಪ್ರಕರಣವೊಂದರಲ್ಲಿ ಹುಡುಗನ ವಯಸ್ಸು 19 ಎಂದು ದಾಖಲಾಗಿ, ಅವನು ದೊಡ್ಡವರ ಜೈಲಿನಲ್ಲಿದ್ದ. ತಾಯಿ ಪ್ಲಾಸ್ಟಿಕ್ ಚೀಲದಲ್ಲಿ ಆಧಾರ್ ಕಾರ್ಡ್ ಮತ್ತು ಪಡಿತರ ಚೀಟಿ ತಂದಿದ್ದರು. 2015ರ ಬಾಲನ್ಯಾಯ ಕಾಯ್ದೆಯ 94ನೇ ಕಲಂ ಈ ಎರಡನ್ನೂ ಹೆಸರಿಸುವುದಿಲ್ಲ. ಅದು ಕೇಳುವುದು ಮೊದಲು ಶಾಲೆಯ ಜನ್ಮದಿನಾಂಕ ಪ್ರಮಾಣಪತ್ರ ಅಥವಾ ಮೆಟ್ರಿಕ್ಯುಲೇಷನ್ ಪ್ರಮಾಣಪತ್ರವನ್ನು, ಅವಿಲ್ಲದಿದ್ದರೆ ಪಂಚಾಯಿತಿ ಅಥವಾ ನಗರಸಭೆಯ ಜನನ ಪ್ರಮಾಣಪತ್ರವನ್ನು, ಯಾವುದೂ ಇಲ್ಲದಾಗಲಷ್ಟೇ ಮೂಳೆ ಪರೀಕ್ಷೆಯನ್ನು. ಅವನು ಓದಿದ ಸರ್ಕಾರಿ ಶಾಲೆಗೆ ಹೋದೆ. ಮುಖ್ಯೋಪಾಧ್ಯಾಯರು ಬೀರುವಿನಿಂದ ದಾಖಲಾತಿ ವಹಿ ತೆಗೆದು, ಬೆರಳಿಟ್ಟು ಸಾಲು ಹುಡುಕಿ, ಪ್ರಮಾಣಪತ್ರ ಬರೆದುಕೊಟ್ಟರು. ಘಟನೆಯ ದಿನ ಅವನಿಗೆ 16 ವರ್ಷ 8 ತಿಂಗಳು. ಪ್ರಕರಣ, 18 ತುಂಬದ ಮಕ್ಕಳ ಮೇಲಿನ ಆರೋಪಗಳನ್ನು ವಿಚಾರಿಸುವ ಬಾಲನ್ಯಾಯ ಮಂಡಳಿಗೆ ವರ್ಗವಾಯಿತು. ಕಾಲೇಜಿನ ಅಣಕು ನ್ಯಾಯಾಲಯದಲ್ಲಿ ನಾನು ಗಳಿಸಿದ್ದ ವಾಕ್ಚಾತುರ್ಯಕ್ಕೆ ಅಂದು ಕೆಲಸವೇ ಇರಲಿಲ್ಲ.

ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರೂ ಇಬ್ಬರು ಸಮಾಜ ಕಾರ್ಯಕರ್ತರೂ ಇರುತ್ತಾರೆ. 12ನೇ ಕಲಂ ಪ್ರಕಾರ ಅಪರಾಧ ಜಾಮೀನುರಹಿತವಾಗಿದ್ದರೂ ಮಗುವಿಗೆ ಜಾಮೀನು ಕೊಡುವುದೇ ನಿಯಮ. ನಿರಾಕರಿಸಬೇಕಾದರೆ ಮಂಡಳಿ ಕಾರಣವನ್ನು ಬರೆಯಬೇಕು. ಆರೋಪದ ಗಾಂಭೀರ್ಯ ಆ ಕಾರಣಗಳ ಪಟ್ಟಿಯಲ್ಲಿಲ್ಲ ಎಂಬುದನ್ನು ಅನುಭವಿ ವಕೀಲರೂ ಮರೆಯುತ್ತಾರೆ. ನಿಜವಾಗಿ ಕಷ್ಟವಾದದ್ದು 15ನೇ ಕಲಂ. 16 ದಾಟಿದ ಮಗುವಿನ ಮೇಲೆ ಕನಿಷ್ಠ 7 ವರ್ಷ ಶಿಕ್ಷೆಯುಳ್ಳ ಘೋರ ಅಪರಾಧದ ಆರೋಪವಿದ್ದರೆ, ಅವನನ್ನು ವಯಸ್ಕನಂತೆ ವಿಚಾರಣೆಗೆ ಒಳಪಡಿಸಬೇಕೇ ಎಂಬ ಪ್ರಾಥಮಿಕ ಮೌಲ್ಯಮಾಪನ ನಡೆಯುತ್ತದೆ. ಮಂಡಳಿಯ ಸದಸ್ಯರಲ್ಲಿ ಮಕ್ಕಳ ಮನೋವಿಜ್ಞಾನ ಅಥವಾ ಮನೋವೈದ್ಯಶಾಸ್ತ್ರ ಓದಿದವರು ಇಲ್ಲದಿದ್ದರೆ ತಜ್ಞರ ನೆರವು ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2022ರ ಜುಲೈನಲ್ಲಿ ಹೇಳಿದೆ. ಆ ತಜ್ಞರು ಕೊಡುವ ವರದಿಯನ್ನು ಸಾಲುಸಾಲಾಗಿ ಓದಿ ಪ್ರಶ್ನಿಸಬಲ್ಲ ವಕೀಲರು ನಮ್ಮಲ್ಲಿ ಕಡಿಮೆ. ನಿಮ್ಮಂಥವರು ಬೇಕಾಗಿರುವುದು ಇಲ್ಲಿಯೇ.

ಇನ್ನೊಂದು ಎಚ್ಚರಿಕೆ. ವಕಾಲತ್ತಿಗೆ ತಂದೆ ಸಹಿ ಹಾಕಿದರೂ ಕಕ್ಷಿದಾರ ಮಗುವೇ. “ಒಪ್ಪಿಕೊಂಡುಬಿಡಲಿ ಸರ್, ಬೇಗ ಮುಗಿಯುತ್ತದೆ, ನನಗೆ ಕೂಲಿ ತಪ್ಪುತ್ತದೆ” ಎನ್ನುವ ತಂದೆಯ ಕಷ್ಟ ಸುಳ್ಳಲ್ಲ. ಆದರೂ ಹುಡುಗನೊಡನೆ ಬೇರೆಯಾಗಿ ಕುಳಿತು, ಒಪ್ಪಿಕೊಂಡರೆ ಏನಾಗುತ್ತದೆ ಎಂದು ಅವನ ಮಾತಿನಲ್ಲೇ ತಿಳಿಸಬೇಕು. “ನೀನು ಮಾಡಿದ್ದು ನಿಜವಾ?” ಎಂದು ಆರಂಭಿಸಬೇಡಿ, ಬಂದವರೆಲ್ಲ ಅದನ್ನೇ ಕೇಳಿರುತ್ತಾರೆ. ನಾನು ಊಟದ ವಿಷಯ ಕೇಳುತ್ತೇನೆ.

ಇನ್ನು ಆರಂಭದ ದಾರಿ. ಸನ್ನದು (ವಕೀಲಿಕೆಯ ಪರವಾನಗಿ) ಪಡೆದು, ಅಖಿಲ ಭಾರತ ವಕೀಲರ ಪರೀಕ್ಷೆ ಮುಗಿಸಿ, ಕ್ರಿಮಿನಲ್ ಪ್ರಕರಣ ನಡೆಸುವ ಹಿರಿಯರೊಬ್ಬರ ಕಚೇರಿ ಸೇರಿಕೊಳ್ಳಿ. ಮೊದಲ ವರ್ಷಗಳ ಜೀವನ ಅಲ್ಲಿಂದ ನಡೆಯಲಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಪ್ರತಿ ಮಗುವಿಗೂ ಉಚಿತ ಕಾನೂನು ನೆರವಿನ ಹಕ್ಕಿದೆ. ಆ ನೆರವು ನೀಡುವ ವಕೀಲರ ಪಟ್ಟಿಗೆ ಸೇರಲು ಸಾಮಾನ್ಯವಾಗಿ 3 ವರ್ಷಗಳ ಅನುಭವ ಬೇಕು. ಅಲ್ಲಿಯವರೆಗೆ ಮಂಡಳಿಗೆ ಹೋಗುವ ವಕೀಲರ ಕಿರಿಯರಾಗಿ ಜೊತೆಗೆ ಹೋಗಿ. ಅದು ತೆರೆದ ನ್ಯಾಯಾಲಯವಲ್ಲ, ಸುಮ್ಮನೆ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಲಾಗದು. ಆದ್ದರಿಂದ ಯಾರ ಕಚೇರಿ ಸೇರಬೇಕೆಂದು ತೀರ್ಮಾನಿಸುವಾಗ, ಅವರು ಮಂಡಳಿಗೆ ಹೋಗುತ್ತಾರೆಯೇ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಿ.