ಬೇವಿನ ಸೊಪ್ಪು, ಕಾವಿ, ಮುಡಿಪು: ಸಮಾಜಶಾಸ್ತ್ರಜ್ಞರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ಕಳೆದ ತಿಂಗಳು ನಮ್ಮ ಎಂಟು ವರ್ಷದ ಮಗನಿಗೆ ‘ಅಮ್ಮ’ (ಸೀತಾಳೆ ಸಿಡುಬು) ಆಗಿತ್ತು. ಅತ್ತೆಯವರು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು, ಒಗ್ಗರಣೆ ನಿಲ್ಲಿಸಿದರು, ವೈದ್ಯರ ಬಳಿ ಹೋದರೆ ತಾಯಿ ಮುನಿಯುತ್ತಾಳೆಂದು ಪಟ್ಟು ಹಿಡಿದರು. ವಿಜ್ಞಾನ ಓದಿದ ನಾನು ಇದನ್ನು ಒಪ್ಪಬೇಕಿತ್ತೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಅರ್ಧ ಒಪ್ಪಬಹುದಿತ್ತು. ಬಾಗಿಲಲ್ಲಿ ಬೇವು ಕಂಡರೆ ನೆಂಟರು ಯಾರೂ ಹೇಳದೆಯೇ ಹೊಸ್ತಿಲಾಚೆ ನಿಲ್ಲುತ್ತಾರೆ. ಮಗು ಶಾಲೆಗೆ ಹೋಗುವುದಿಲ್ಲ. ಮನೆಯಲ್ಲಿ ಒಗ್ಗರಣೆಯ ಘಾಟೂ ಇಲ್ಲ, ಏರಿದ ದನಿಯೂ ಇಲ್ಲ. ತಲೆಗೆ ನೀರು ಹಾಕುವ ದಿನದವರೆಗೆ ಯಾರಾದರೊಬ್ಬರು ಮಗುವಿನ ಪಕ್ಕದಲ್ಲೇ ಇರುತ್ತಾರೆ. ಗುಳ್ಳೆಗಳೆಲ್ಲ ಒಣಗಿ ಹಕ್ಕಳೆಗಟ್ಟುವವರೆಗೆ ಸೋಂಕು ಹರಡುತ್ತದೆಂದು ವೈದ್ಯರೂ ಹೇಳುತ್ತಾರೆ. ಇದಕ್ಕಿಂತ ನನಗೆ ಮುಖ್ಯವೆನಿಸುವುದು ಇನ್ನೊಂದು: ಬೆಳಗಿನಿಂದ ರಾತ್ರಿಯವರೆಗೆ ದುಡಿಯುವ ಸೊಸೆಗೆ ಜ್ವರ ಬಂದರೆ ಒಂದು ಮಾತ್ರೆ ನುಂಗಿ ಒಲೆಯ ಮುಂದೆ ನಿಲ್ಲುತ್ತಾಳೆ, ಆದರೆ ಅದೇ ಸೊಸೆಗೆ ಅಮ್ಮ ಆದರೆ ಮನೆಯೆಲ್ಲ ಅವಳಿಗೆ ಕೈಮುಗಿದು ವಾರಗಟ್ಟಲೆ ವಿಶ್ರಾಂತಿ ಕೊಡುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಟಾಲ್ಕಟ್ ಪಾರ್ಸನ್ಸ್ 1951ರಲ್ಲಿ ರೋಗಿಯ ಸಾಮಾಜಿಕ ಪಾತ್ರವನ್ನು ವಿವರಿಸುತ್ತ, ರೋಗಿಗೆ ದಿನನಿತ್ಯದ ಹೊಣೆಗಳಿಂದ ಬಿಡುಗಡೆ ಇದೆ, ಪ್ರತಿಯಾಗಿ ಅವನು ತಜ್ಞರ ನೆರವು ಪಡೆಯಬೇಕು ಎಂದಿದ್ದರು. ನಮ್ಮ ಅಮ್ಮ ಮೊದಲನೆಯದನ್ನು ಧಾರಾಳವಾಗಿ ಕೊಡುತ್ತಾಳೆ, ಎರಡನೆಯದಕ್ಕೆ ಅಡ್ಡ ನಿಲ್ಲುತ್ತಾಳೆ.

ಒಪ್ಪಬಾರದ ಅರ್ಧ ಅದೇ. ಈ ನಿಷೇಧ ಹುಟ್ಟಿದ್ದು ಮದ್ದೇ ಇಲ್ಲದ ಸಿಡುಬಿನ ಕಾಲದಲ್ಲಿ. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ, ಜಗತ್ತೇ ಅದರಿಂದ ಮುಕ್ತವಾಯಿತೆಂದು ಘೋಷಿಸಿದ್ದು 1980ರಲ್ಲಿ. ಆ ದೊಡ್ಡಮ್ಮ ಹೋದ ಮೇಲೂ ಅವಳ ಹೆಸರು ಮತ್ತು ಕಟ್ಟುಪಾಡು ಸೀತಾಳೆ ಸಿಡುಬಿಗೆ ಉಳಿದುಕೊಂಡವು. ಮಕ್ಕಳಲ್ಲಿ ಇದು ಸಾಮಾನ್ಯವಾಗಿ ತಾನಾಗಿ ಇಳಿಯುತ್ತದೆ, ನಿಜ. ಆದರೆ ಬಸುರಿಯರಿಗೆ, ಹಸುಗೂಸುಗಳಿಗೆ, ದೊಡ್ಡವರಿಗೆ ಅಪಾಯ ಹೆಚ್ಚು, ಗುಳ್ಳೆ ಕಂಡ ಮೊದಲ ದಿನವೇ ಔಷಧ ಶುರುವಾದರೆ ಒಳ್ಳೆಯದು. ಅತ್ತೆಯವರೊಂದಿಗೆ ವಾದ ಮಾಡುವ ಬದಲು ಪ್ಲೇಗ್ ಮಾರಮ್ಮನ ಕತೆ ಹೇಳಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಜನ ಊರು ಬಿಟ್ಟರು. ಆ ಭೀತಿಯ ಬೆನ್ನಿಗೇ ಮಲ್ಲೇಶ್ವರ, ಬಸವನಗುಡಿಗಳ ಅಗಲ ಬೀದಿಗಳು ಬೆಳೆದವು, ಇಂಗ್ಲಿಷ್ ಹೆಸರು ಹೊತ್ತ ಒಬ್ಬ ದೇವಿಯ ಗುಡಿಯೂ ಬಂತು. ಹೊಸ ರೋಗಕ್ಕೆ ಹೊಸ ಹೆಸರು ತಾಳಿದ ತಾಯಿ ಹೊಸ ಔಷಧಕ್ಕೇಕೆ ಮುನಿಯುತ್ತಾಳೆ?

ಪ್ರಶ್ನೆ: ಶಸ್ತ್ರಚಿಕಿತ್ಸೆಗೆ ಮೊದಲು ವೈದ್ಯರು ದೇವರ ಪಟಕ್ಕೆ ಕೈಮುಗಿದರು. ಅವರನ್ನು ನಂಬಬಹುದೇ?
— ಓದುಗರೊಬ್ಬರು, ಧಾರವಾಡ

ಉತ್ತರ: ಕೈಮುಗಿದ ಮೇಲೆ ಕೈ ತೊಳೆದರೇ ಎಂಬುದನ್ನಷ್ಟೇ ನೋಡಿ.

ಪ್ರಶ್ನೆ: ಸರ್ಪಸುತ್ತಿಗೆ ಆಸ್ಪತ್ರೆಯಲ್ಲಿ ಮದ್ದಿಲ್ಲ, ಕಾವಿ ಹಚ್ಚಿ ಮಂತ್ರ ಹಾಕಿಸಬೇಕು ಎನ್ನುತ್ತಾರೆ. ಹಾಗೆ ವಾಸಿಯಾದವರನ್ನು ನಾನೇ ಕಂಡಿದ್ದೇನೆ.
— ಓದುಗರೊಬ್ಬರು, ಕುಂದಾಪುರ

ಉತ್ತರ: ನಾನೂ ಕಂಡಿದ್ದೇನೆ. ನನ್ನ ಸೋದರಮಾವನ ಸೊಂಟದ ಬಲಬದಿಗೆ ಗುಳ್ಳೆಗಳೆದ್ದಾಗ ಊರಿನ ಹಿರಿಯರೊಬ್ಬರು ಕೆಮ್ಮಣ್ಣು ಅರೆದು, ಮಣಮಣ ಮಂತ್ರ ಹೇಳುತ್ತ ಹಾವಿನ ಹೆಡೆ ಬರೆದರು. ತಲೆಗೂ ಬಾಲಕ್ಕೂ ಸೇರಿದರೆ ಜೀವಕ್ಕೆ ಕುತ್ತು, ಅದು ಸೇರದಂತೆ ಕಟ್ಟು ಹಾಕಿದ್ದೇನೆ ಎಂದರು. ಸೇರಲಿಲ್ಲ. ಸಾಮಾನ್ಯವಾಗಿ ಅದು ಸೇರುವುದೇ ಇಲ್ಲ, ಏಕೆಂದರೆ ಬಾಲ್ಯದಲ್ಲಿ ‘ಅಮ್ಮ’ನಾಗಿ ಬಂದ ಅದೇ ವೈರಸ್ಸು ನರದ ಬುಡದಲ್ಲಿ ದಶಕಗಳ ಕಾಲ ಅಡಗಿದ್ದು, ಮುಪ್ಪಿನಲ್ಲೋ ನಿತ್ರಾಣದಲ್ಲೋ ಒಂದು ನರದ ಜಾಡು ಹಿಡಿದು ಹೊರಬರುತ್ತದೆ, ಆ ಜಾಡು ಮೈಯ ನಡುಗೆರೆಯಲ್ಲಿ ನಿಲ್ಲುತ್ತದೆ. (ಒಂದೇ ವೈರಸ್ಸಿಗೆ ಎಳವೆಯಲ್ಲಿ ತಾಯಿಯ ಹೆಸರು, ಮುಪ್ಪಿನಲ್ಲಿ ಹಾವಿನ ಹೆಸರು ಇಟ್ಟ ನಮ್ಮ ಜನರ ಕಲ್ಪನೆಗೆ ನಾನು ತಲೆಬಾಗುತ್ತೇನೆ.) ಗುಳ್ಳೆ ಎರಡು ಮೂರು ವಾರದಲ್ಲಿ ಒಣಗುತ್ತದೆ, ಕೀರ್ತಿ ಕಾವಿಗೆ ಸಲ್ಲುತ್ತದೆ.

ಮಾವನಿಗೆ ಉಳಿದದ್ದು ಉರಿ. ಗುಳ್ಳೆ ಮಾಯವಾಗಿ ವರ್ಷ ಕಳೆದರೂ ಅಂಗಿಯ ಬಟ್ಟೆ ತಾಗಿದರೆ ಕೆಂಡ ಮುಟ್ಟಿದಂತೆ ಹೌಹಾರುತ್ತಿದ್ದರು. ವೈರಾಣು ತಡೆಯುವ ಮಾತ್ರೆ ಇದೆ, ಅದನ್ನು ಮೊದಲ 72 ಗಂಟೆಗಳಲ್ಲಿ ಶುರುಮಾಡಿದರೆ ಲಾಭ ಹೆಚ್ಚು. ನಾವು ಆಸ್ಪತ್ರೆಗೆ ಹೋದದ್ದು ಎಂಟನೆಯ ದಿನ. ಕಾವಿ ಅವರಿಗೆ ಮಾಡಿದ ಹಾನಿ ಆ ಏಳು ದಿನ, ಅಷ್ಟೆ. ಹಣೆ, ಮೂಗು, ಕಣ್ಣಿನ ಸುತ್ತ ಗುಳ್ಳೆ ಎದ್ದರಂತೂ ದೃಷ್ಟಿಗೇ ಅಪಾಯ. ಅಂದೇ ಕಣ್ಣಿನ ವೈದ್ಯರಿಗೆ ತೋರಿಸಬೇಕು. ಮಂತ್ರದವರ ಮನೆಯಲ್ಲಿ ಸಾಲು ಚಿಕ್ಕದು, ಅವರು ಹೆಸರು ಹಿಡಿದು ಕರೆಯುತ್ತಾರೆ, ಕೊಟ್ಟಷ್ಟು ತೆಗೆದುಕೊಳ್ಳುತ್ತಾರೆ. ಜನ ಅಲ್ಲಿಗೆ ಮೊದಲು ಹೋಗುವುದಕ್ಕೆ ಮೌಢ್ಯಕ್ಕಿಂತ ಇದೇ ದೊಡ್ಡ ಕಾರಣವೆಂದು ನನ್ನ ಎಣಿಕೆ.

ಪ್ರಶ್ನೆ: ತಂದೆಯವರ ಹೃದಯ ಶಸ್ತ್ರಚಿಕಿತ್ಸೆ ಯಶಸ್ವಿನಿ ಯೋಜನೆಯಲ್ಲಿ ಆಯಿತು. ಮನೆಯವರು ಮಾತ್ರ ಮಾದಪ್ಪನ ಬೆಟ್ಟಕ್ಕೆ ಹೋಗಿ ಮುಡಿಪು ಒಪ್ಪಿಸಿ ಬಂದರು. ಇದು ವೈದ್ಯರಿಗೆ ಮಾಡಿದ ಅನ್ಯಾಯವಲ್ಲವೇ?
— ಓದುಗರೊಬ್ಬರು, ಕೊಳ್ಳೇಗಾಲ

ಉತ್ತರ: ಆಫ್ರಿಕಾದ ಅಜಾಂಡೆ ಜನರ ನಡುವೆ ಇದ್ದು ಬಂದ ಮಾನವಶಾಸ್ತ್ರಜ್ಞ ಇವಾನ್ಸ್-ಪ್ರಿಚರ್ಡ್ ಒಂದು ಕಣಜದ ಮಾತು ಬರೆದಿದ್ದಾರೆ. ಗೆದ್ದಲು ತಿಂದ ಕಂಬ ಮುರಿದು, ಕೆಳಗೆ ಕೂತವನ ಮೇಲೆ ಕಣಜ ಬಿತ್ತೆಂಬುದು ಆ ಜನರಿಗೂ ಗೊತ್ತು. ಆದರೆ ನೆರಳಿಗೆಂದು ಇವನೇ ಕೂತಿದ್ದಾಗ, ಆ ಗಳಿಗೆಯಲ್ಲೇ ಏಕೆ ಬಿತ್ತೆಂಬ ಪ್ರಶ್ನೆಗೆ ಗೆದ್ದಲು ಉತ್ತರವಾಗದು. ನಿಮ್ಮ ಮನೆಯವರಿಗೂ ರಕ್ತನಾಳ ಕಟ್ಟಿತ್ತೆಂಬುದು ಗೊತ್ತಿತ್ತು. ‘ನಮ್ಮ ಯಜಮಾನರಿಗೇ ಏಕೆ’ ಎಂಬುದನ್ನು ಅವರು ಮಾದಪ್ಪನಲ್ಲಿ ಕೇಳಿದರು. ಇನ್ನು ಯಶಸ್ವಿನಿಯ ವಿಷಯ: 2003ರಲ್ಲಿ ಸಹಕಾರ ಸಂಘಗಳ ಸದಸ್ಯರು ಸಣ್ಣ ವಂತಿಗೆ ಕೂಡಿಸುವುದರಿಂದ ಆರಂಭವಾದ ಯೋಜನೆ ಅದು, ಆಪತ್ತಿಗೆ ಮುಂಚೆಯೇ ಹಳದಿ ಬಟ್ಟೆಯಲ್ಲಿ ಕಾಸು ಕಟ್ಟಿಡುವ ಮುಡಿಪಿಗೂ ಅದಕ್ಕೂ ದೂರದ ನೆಂಟಸ್ತಿಕೆ ಉಂಟು. ಆಸ್ಪತ್ರೆಯಲ್ಲಿ ಬಿಲ್ ಕಟ್ಟಲು ಕೌಂಟರ್ ಇದೆ, ಕೃತಜ್ಞತೆ ಸಲ್ಲಿಸಲು ಇಲ್ಲ, ಬೆಟ್ಟದಲ್ಲಿ ಇದೆ.

ವೈದ್ಯರು ಇದರಿಂದ ನೊಂದುಕೊಳ್ಳುತ್ತಾರೆಂದು ನನಗೆ ಅನ್ನಿಸುವುದಿಲ್ಲ. ಸರ್ಕಾರಿ ಆಸ್ಪತ್ರೆಯೊಂದರ ಮಹಿಳಾ ವಾರ್ಡಿನಲ್ಲಿ ನೆಂಟರೊಬ್ಬರ ಬಳಿ ಕೂತಿದ್ದಾಗ, ಪಕ್ಕದ ಮಂಚದ ಅಜ್ಜಿಯ ಮುಂಗೈಗೆ ದರ್ಗಾದಿಂದ ತಂದ ದಾರ ಕಟ್ಟಿತ್ತು, ಡ್ರಿಪ್‌ನ ಸೂಜಿ ಚುಚ್ಚಬೇಕಾದ ರಕ್ತನಾಳವೂ ಅಲ್ಲೇ ಇತ್ತು. ನರ್ಸ್ ಕತ್ತರಿ ಹಿಡಿದಿದ್ದರು. ಒಂದು ಕ್ಷಣ ತಡೆದು, “ಅಜ್ಜಿ, ಇದನ್ನು ಆ ಕೈಗೆ ಕಟ್ಟಲಾ?” ಎಂದರು. ಅಜ್ಜಿ ಇನ್ನೊಂದು ಕೈ ಚಾಚಿದರು.