ಅಮ್ಮನ ಓದು, ಮಗಳ ಲೆಕ್ಕ

ಪ್ರಶ್ನೆ: ನಾನು ಓದಿದ್ದು ಏಳನೇ ತರಗತಿಯವರೆಗೆ, ಆಗಿನಿಂದಲೂ ಗಣಿತವೆಂದರೆ ನನಗೆ ಭಯ. ಮೂರನೇ ತರಗತಿಯಲ್ಲಿರುವ ಮಗಳು ಲೆಕ್ಕದಲ್ಲಿ ತಡವರಿಸುತ್ತಿದ್ದಾಳೆ. ದಿನವೂ ಹೇಳಿಕೊಡಲು ಕೂರುತ್ತೇನೆ, ಕೊನೆಗೆ ಇಬ್ಬರಿಗೂ ಅಳು ಬರುತ್ತದೆ. ಎರಡು ವರ್ಷದ ಮಗನೂ ಇದ್ದಾನೆ. ನನ್ನ ಓದಿನ ಕೊರತೆ ಮಕ್ಕಳನ್ನೂ ಕಾಡುವುದೇ?

ಉತ್ತರ: ಹೆಚ್ಚು ಓದಿದ ತಂದೆತಾಯಿಯರ ಮಕ್ಕಳು ಗಣಿತದಲ್ಲಿ ಸರಾಸರಿ ಹೆಚ್ಚು ಅಂಕ ಪಡೆಯುತ್ತಾರೆಂಬುದು ಹಲವು ದೇಶಗಳ ಶಾಲಾ ಮಕ್ಕಳ ಗಣಿತ, ವಿಜ್ಞಾನ ಕಲಿಕೆಯನ್ನು ಅಳೆಯುವ ಟಿಮ್ಸ್ ಸಮೀಕ್ಷೆಯಲ್ಲಿ ಮತ್ತೆ ಮತ್ತೆ ಕಂಡಿರುವ ಸಂಗತಿ, ಅದನ್ನು ನಿಮ್ಮಿಂದ ಮುಚ್ಚಿಡಲಾರೆ. ಆದರೆ ಸರಾಸರಿ ಎನ್ನುವುದು ಯಾವ ಮಗುವಿನ ಹಣೆಬರಹವೂ ಅಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಏಳನೇ ತರಗತಿಯಲ್ಲ, ಆ ಭಯ. ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಮತ್ತು ಎರಡನೇ ತರಗತಿಯ ಮಕ್ಕಳನ್ನು ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗಣಿತಕ್ಕೆ ಅಂಜುವ ಪೋಷಕರು ಮನೆಪಾಠದಲ್ಲಿ ಪದೇ ಪದೇ ನೆರವಾದಾಗ ಮಕ್ಕಳ ಕಲಿಕೆ ಕುಂಠಿತವಾಗಿ ಅವರಲ್ಲೂ ಅಂಜಿಕೆ ಹೆಚ್ಚಿತ್ತು. ಅಷ್ಟಾಗಿ ನೆರವಿಗೆ ಹೋಗದ ಪೋಷಕರ ಮಕ್ಕಳಲ್ಲಿ ಈ ಪರಿಣಾಮ ಕಾಣಲಿಲ್ಲ. ಹಾಗೆಂದು ನೀವು ದೂರ ಸರಿಯಬೇಕಿಲ್ಲ. ಹೇಳಿಕೊಡುವ ಬದಲು ಕೇಳಿಸಿಕೊಳ್ಳಿ.

ಮಗಳು 42ರಲ್ಲಿ 17 ಕಳೆದು 35 ಎಂದು ಬರೆದಳೆನ್ನಿ. ತಪ್ಪೆಂದು ಗೀಟು ಹಾಕದೆ, ಹೇಗೆ ಮಾಡಿದಳೆಂದು ಅವಳಿಂದಲೇ ಹೇಳಿಸಿ. ಎರಡರಲ್ಲಿ ಏಳು ಹೋಗುವುದಿಲ್ಲವೆಂದು ಅವಳು ಏಳರಲ್ಲಿ ಎರಡನ್ನು ಕಳೆದಿರುತ್ತಾಳೆ. ಇದು ದಡ್ಡತನವಲ್ಲ, ದಶಕ ತೆಗೆದುಕೊಳ್ಳುವುದು ಇನ್ನೂ ಮನದಟ್ಟಾಗಿಲ್ಲವೆಂಬುದರ ಗುರುತು. ಹತ್ತು ಹತ್ತು ಕಡ್ಡಿಗಳ ನಾಲ್ಕು ಕಟ್ಟು, ಎರಡು ಬಿಡಿ ಕಡ್ಡಿ ಇಟ್ಟು ಹದಿನೇಳನ್ನು ಕೊಡು ಎಂದರೆ, ಒಂದು ಕಟ್ಟನ್ನು ಬಿಚ್ಚದೆ ಗತಿಯಿಲ್ಲವೆಂಬುದು ಅವಳ ಕೈಗೇ ತಿಳಿಯುತ್ತದೆ. ನಿಮಗೂ ತಿಳಿಯುತ್ತದೆ ಎಂಬುದು ನನ್ನ ನಂಬಿಕೆ.

‘ನನಗೂ ಲೆಕ್ಕ ಬರುತ್ತಿರಲಿಲ್ಲ’ ಎಂದು ಅವಳನ್ನು ಸಮಾಧಾನಪಡಿಸಬೇಡಿ. ಮಗುವಿಗೆ ಅದು ತನಗೂ ಬರುವುದಿಲ್ಲವೆಂದೇ ಕೇಳಿಸೀತು.

ಮಗನ ವಿಷಯದಲ್ಲಂತೂ ನಿಮ್ಮ ಓದು ಅಡ್ಡಿಯೇ ಅಲ್ಲ. ಇನ್ನೊಂದು ಅಧ್ಯಯನದಲ್ಲಿ, 14ರಿಂದ 30 ತಿಂಗಳ ವಯಸ್ಸಿನಲ್ಲಿ ಮನೆಯವರಿಂದ ಸಂಖ್ಯೆಗಳ ಮಾತನ್ನು ಹೆಚ್ಚು ಕೇಳಿದ ಮಕ್ಕಳು 46 ತಿಂಗಳ ಹೊತ್ತಿಗೆ ಸಂಖ್ಯೆಯ ಅರ್ಥವನ್ನು ಹೆಚ್ಚು ಚೆನ್ನಾಗಿ ಗ್ರಹಿಸಿದ್ದರು. ಕುಟುಂಬದ ಆರ್ಥಿಕ, ಶೈಕ್ಷಣಿಕ ಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ನಂಟು ಉಳಿಯಿತು. ಬರಿದೇ ಒಂದು, ಎರಡು ಎಂದು ಬಾಯಿಪಾಠ ಮಾಡಿಸುವುದಕ್ಕಿಂತ, ಕಣ್ಣೆದುರಿನ ಐದು ಗುಂಡಿಗಳನ್ನು ಮುಟ್ಟಿ ಎಣಿಸಿ ‘ಒಟ್ಟು ಐದು’ ಎಂದು ಹೇಳುವುದು ಮೇಲು.

ಮಗಳ ತಪ್ಪು ಮತ್ತೆ ಮತ್ತೆ ಬಂದರೆ ಅದನ್ನು ಅಳಿಸಿ ನೀವೇ ಸರಿಪಡಿಸಿ ಕಳುಹಿಸಬೇಡಿ. ಆ ಪುಟ ಹಾಗೆಯೇ ಇದ್ದರೆ, ಎಲ್ಲಿಂದ ಮತ್ತೆ ಕಲಿಸಬೇಕೆಂಬುದು ಅವಳ ಶಿಕ್ಷಕರಿಗೆ ತಿಳಿಯುತ್ತದೆ.